ಹೈಕೋರ್ಟ್ ಒಂದು ಕಲಮನ್ನು ಹೇಗೆ ಓದುತ್ತದೆ: ತೀರ್ಪು ಕೈಗೆ ಬಂದಾಗ ಮಾಡಬೇಕಾದ್ದು

ಹೈಕೋರ್ಟ್ ತೀರ್ಪನ್ನು ಕೊನೆಯ ಪುಟದಿಂದ ಓದುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ‘ಮೇಲ್ಮನವಿ ವಜಾ’ ಅಂತಲೋ ‘ಅರ್ಜಿ ಪುರಸ್ಕರಿಸಲಾಗಿದೆ’ ಅಂತಲೋ ಕಂಡರೆ ಸಾಕು, ಆ ಪಿಡಿಎಫ್ ಊರೆಲ್ಲ ಸುತ್ತುತ್ತದೆ. ನಾನು ಮಂಡ್ಯ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ವಕೀಲಿ ಮಾಡುವವಳು. ಜಮೀನು ಮತ್ತು ಪಾಲಿನ ಕೇಸುಗಳೇ ಹೆಚ್ಚು. ಒಂದೇ ತೀರ್ಪಿನ ಪ್ರತಿಯನ್ನು ಹಿಡಿದು ‘ಇದು ನಮ್ಮ ಪರ ಇದೆ ಮೇಡಂ’ ಎಂದು ಜಮೀನು ಕೊಂಡವರೂ ಬರುತ್ತಾರೆ, ಕಳೆದುಕೊಂಡವರ ಮಕ್ಕಳೂ ಬರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಕಾಯ್ದೆಯ ಯಾವ ಪದದ ಬಗ್ಗೆ ಕೋರ್ಟಿನ ಮುಂದೆ ಪ್ರಶ್ನೆ ಬಂತು, ಆ ಪದಕ್ಕೆ ಕೋರ್ಟ್ ಏನು ಅರ್ಥ ಕೊಟ್ಟಿತು ಎಂಬುದನ್ನು ಇಬ್ಬರೂ ನೋಡಿರುವುದಿಲ್ಲ, ಅಷ್ಟೇ.

ಆ ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸನ್ನದು ಪಡೆದ ಜೂನಿಯರ್‌ಗಳಿಗೂ, ತಮ್ಮ ಕೇಸನ್ನು ತಾವೇ ಅರ್ಥ ಮಾಡಿಕೊಳ್ಳಬೇಕೆನ್ನುವ ಕಕ್ಷಿದಾರರಿಗೂ ಇದು ಉಪಯೋಗಕ್ಕೆ ಬರಬೇಕು. ಉದಾಹರಣೆಗೆ ಎರಡು ಕಾನೂನುಗಳನ್ನು ಆರಿಸಿಕೊಂಡಿದ್ದೇನೆ. ಒಂದು, ಎಲ್ಲರೂ ಪಿ.ಟಿ.ಸಿ.ಎಲ್. ಎಂದು ಕರೆಯುವ ಕರ್ನಾಟಕ ಅನುಸೂಚಿತ ಜಾತಿಗಳ ಮತ್ತು ಅನುಸೂಚಿತ ಪಂಗಡಗಳ ಕೆಲವು ಜಮೀನುಗಳ ವರ್ಗಾವಣೆ ನಿಷೇಧ ಕಾಯ್ದೆ, 1978. ಇನ್ನೊಂದು, ಹೆಣ್ಣುಮಕ್ಕಳ ಪಾಲಿನ ಬಗ್ಗೆ ಹೇಳುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂ.

ಮೊದಲು ಕಾಯ್ದೆ, ಆಮೇಲೆ ತೀರ್ಪು

ತೀರ್ಪನ್ನು ಪಕ್ಕಕ್ಕಿಟ್ಟು ಕಾಯ್ದೆಯನ್ನು ತೆರೆಯಿರಿ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ, ಕೇಂದ್ರದವು ಇಂಡಿಯಾ ಕೋಡ್‌ನಲ್ಲಿ. ಹಳೆಯ ಗೈಡ್ ಪುಸ್ತಕ ನೋಡಬೇಡಿ; ತಿದ್ದುಪಡಿ ಸೇರಿರುವ ಪಠ್ಯವೇ ಬೇಕು.

ಪಿ.ಟಿ.ಸಿ.ಎಲ್. ಚಿಕ್ಕ ಕಾಯ್ದೆ, ಒಂದು ಸಂಜೆಗೆ ಓದಿ ಮುಗಿಸಬಹುದು. ಇದು ಜಾರಿಗೆ ಬಂದದ್ದು 1979ರ ಜನವರಿ 1ರಂದು. ಮೂರನೇ ಕಲಮಿನಲ್ಲಿ ವ್ಯಾಖ್ಯೆಗಳಿವೆ. ನಾಲ್ಕನೇ ಕಲಮಿನಲ್ಲಿ ಎರಡು ಮಾತುಗಳಿವೆ: ಮಂಜೂರಾತಿಯ ಷರತ್ತು, ಅಂದರೆ ಈ ಜಾತಿ, ಪಂಗಡದವರಿಗೆ ಸರ್ಕಾರ ಜಮೀನು ಕೊಡುವಾಗ ಹಾಕಿದ ಷರತ್ತು, ಮುರಿದು ಮಾಡಿದ ವರ್ಗಾವಣೆ, ಅದು ಕಾಯ್ದೆಗೆ ಮೊದಲು ಆಗಿದ್ದರೂ ಸರಿ ನಂತರ ಆಗಿದ್ದರೂ ಸರಿ, ಶೂನ್ಯ, ಮತ್ತು ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಐದನೇ ಕಲಂ ಉಪವಿಭಾಗಾಧಿಕಾರಿಗೆ, ನಮ್ಮ ಮಾತಿನಲ್ಲಿ ಎಸಿಗೆ, ಜಮೀನು ಬಿಡಿಸಿ ಮೂಲ ಮಂಜೂರಿದಾರನಿಗೆ ಅಥವಾ ವಾರಸುದಾರರಿಗೆ ಕೊಡಿಸುವ ಅಧಿಕಾರ ಕೊಡುತ್ತದೆ. ಅವರ ಆದೇಶದ ಮೇಲೆ ಡಿಸಿಗೆ ಅಪೀಲು.

ವ್ಯಾಖ್ಯೆಯ ಕಲಮನ್ನು ಹಾರಿಸಿ ಮುಂದಕ್ಕೆ ಹೋಗುವವರೇ ಹೆಚ್ಚು. ನನ್ನ ಅನುಭವದಲ್ಲಿ ಅರ್ಧ ಕೇಸು ಅಲ್ಲೇ ತೀರ್ಮಾನವಾಗುತ್ತದೆ. ‘ವರ್ಗಾವಣೆ’ ಎಂದರೇನು ನೋಡಿ: ಕ್ರಯ, ದಾನ, ವಿನಿಮಯ, ಅಡಮಾನ, ಗುತ್ತಿಗೆ ಅಥವಾ ಬೇರಾವುದೇ ವ್ಯವಹಾರ. ಕುಟುಂಬದೊಳಗಿನ ವಿಭಾಗ ಮತ್ತು ಉಯಿಲು ಇದರಿಂದ ಹೊರಗೆ. ಕ್ರಯದ ಕರಾರು ಮಾತ್ರ ಒಳಗೆ. ‘ನಾವು ರಿಜಿಸ್ಟರ್ ಮಾಡಿಸಿಯೇ ಇಲ್ಲ, ಬರೀ ಅಗ್ರಿಮೆಂಟು’ ಎಂದು ಧೈರ್ಯವಾಗಿ ಹೇಳುವವರಿಗೆ ನಾನು ತೋರಿಸುವುದು ಈ ಸಾಲನ್ನೇ. ‘ಎಂದರೆ’ ಎಂದು ಶುರುವಾಗುವ ವ್ಯಾಖ್ಯೆ ಬೇಲಿ ಹಾಕುತ್ತದೆ, ‘ಒಳಗೊಳ್ಳುತ್ತದೆ’ ಎನ್ನುವುದು ಹಿಗ್ಗಿಸುತ್ತದೆ. ಈ ವ್ಯಾಖ್ಯೆಯಲ್ಲಿ ಎರಡೂ ಇವೆ. ಮತ್ತೆ ‘ಬೇರಾವುದೇ ವ್ಯವಹಾರ’ ಎಂಬ ಸಡಿಲ ಮಾತು ಬಂದಾಗ ಕೋರ್ಟ್‌ಗಳು ಸಾಮಾನ್ಯವಾಗಿ ಅದಕ್ಕೆ ಮುಂಚೆ ಸಾಲಾಗಿ ನಿಂತಿರುವ ಪದಗಳ ಜಾತಿ ಯಾವುದೆಂದು ನೋಡಿ, ಆ ಜಾತಿಗೇ ಅದನ್ನು ಸೇರಿಸುತ್ತವೆ. ಇಲ್ಲಿ ಎಲ್ಲವೂ ಜಮೀನಿನ ಮೇಲಿನ ಹಕ್ಕು ಕೈ ಬದಲಾಯಿಸುವ ವ್ಯವಹಾರಗಳು.

‘ಮಂಜೂರಾದ ಜಮೀನು’ ಎಂಬ ಪದವೂ ಹಾಗೆಯೇ. ಮಾಲೀಕ ಪರಿಶಿಷ್ಟ ಜಾತಿಯವರು ಎಂದ ಮಾತ್ರಕ್ಕೆ ಅವರ ಎಲ್ಲ ಜಮೀನೂ ಮಂಜೂರಾದ ಜಮೀನಲ್ಲ. ಹರಾಜಿನಲ್ಲಿ ಬೆಲೆ ಕಟ್ಟಿ ಕೊಂಡ ಜಮೀನು ಈ ವ್ಯಾಖ್ಯೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಬಿ.ಕೆ. ಮುನಿರಾಜು ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಸಾಗುವಳಿ ಚೀಟಿ, ಅಂದರೆ ಜಮೀನಿನ ಮಂಜೂರಾತಿ ಪತ್ರ, ಕೈಗೆ ಬಂದ ಕೂಡಲೇ ಮೇಲಿನ ತಲೆಬರಹ ನೋಡಿ ಸುಮ್ಮನಾಗಬೇಡಿ. ಒಳಗೆ ಯಾವ ನಿಯಮದಡಿ ಕೊಟ್ಟಿದ್ದು, ಎಷ್ಟು ವರ್ಷ ಪರಭಾರೆ ಮಾಡಬಾರದು, ಪೂರ್ತಿ ಉಚಿತವೋ ಬೆಲೆ ಕಟ್ಟಿಸಿಕೊಂಡಿದ್ದಾರೋ, ಎಲ್ಲವನ್ನೂ ಬೇರೆ ಕಾಗದದಲ್ಲಿ ಬರೆದುಕೊಳ್ಳಿ.

ಯಾವ ದಾರಿಯಲ್ಲಿ ಬಂದ ಕೇಸು, ಯಾವ ಪೀಠ

ಈಗ ತೀರ್ಪಿನ ಮೊದಲ ಪುಟ. ಇತ್ತೀಚಿನ ಹೈಕೋರ್ಟ್ ತೀರ್ಪುಗಳ ಮೇಲ್ಭಾಗದಲ್ಲಿ ‘ಎನ್‌ಸಿ’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ವರ್ಷ, ಆಮೇಲೆ ‘ಕೆಎಚ್‌ಸಿ’ ಎಂಬ ಅಕ್ಷರಗಳು. ಅದರ ಜೊತೆ ‘ಡಿ’ ಇದ್ದರೆ ಧಾರವಾಡ ಪೀಠ, ‘ಕೆ’ ಇದ್ದರೆ ಕಲಬುರಗಿ ಪೀಠ. ಕೊನೆಯಲ್ಲಿ ‘ಡಿಬಿ’ ಎಂದಿದ್ದರೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ. ‘ಅದು ಧಾರವಾಡದ್ದು, ನಮಗೆ ಅನ್ವಯ ಆಗೊಲ್ಲ’ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಧಾರವಾಡ, ಕಲಬುರಗಿ ಪೀಠಗಳು 2013ರಲ್ಲಿ ಖಾಯಂ ಆದವು, ಆದರೆ ಹೈಕೋರ್ಟ್ ಒಂದೇ. ಅಲ್ಲಿಯ ವಿಭಾಗೀಯ ಪೀಠದ ಮಾತು ಮಂಡ್ಯದ ಎಸಿಗೂ ಅನ್ವಯ.

ಪೀಠದ ಗಾತ್ರ ಬಹಳ ಮುಖ್ಯ. ಏಕಸದಸ್ಯ ಪೀಠ ವಿಭಾಗೀಯ ಪೀಠದ ಮಾತಿಗೆ ಬದ್ಧ, ವಿಭಾಗೀಯ ಪೀಠ ಮೂವರ ಪೂರ್ಣ ಪೀಠಕ್ಕೆ ಬದ್ಧ. ಸಮಾನ ಗಾತ್ರದ ಹಿಂದಿನ ಪೀಠವೊಂದು ಹೇಳಿದ್ದು ಒಪ್ಪಿಗೆಯಾಗದಿದ್ದರೆ ನಂತರದ ಪೀಠ ಅದನ್ನು ದೊಡ್ಡ ಪೀಠಕ್ಕೆ ಕಳಿಸಬೇಕೇ ಹೊರತು ತಾನೇ ಉಲ್ಟಾ ಹೇಳುವಂತಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಸಂವಿಧಾನದ 141ನೇ ವಿಧಿಯಂತೆ ಎಲ್ಲರನ್ನೂ ಕಟ್ಟುತ್ತದೆ.

ಕೇಸಿನ ನಮೂನೆಯನ್ನೂ ಗಮನಿಸಿ. ‘ಆರ್‌ಎಫ್‌ಎ’ ಎಂದರೆ ಮೊದಲ ಅಪೀಲು. ಅಲ್ಲಿ ಸಾಕ್ಷ್ಯವನ್ನೂ ಕಾನೂನನ್ನೂ ಎರಡನ್ನೂ ಹೊಸದಾಗಿ ತೂಗುತ್ತಾರೆ. ‘ಆರ್‌ಎಸ್‌ಎ’ ಎಂದರೆ ಎರಡನೇ ಅಪೀಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ 1976ರ ತಿದ್ದುಪಡಿಯ ನಂತರ ಬಹಳ ಕಿರಿದಾಗಿದೆ: ಗಣನೀಯವಾದ ಕಾನೂನು ಪ್ರಶ್ನೆ ಇರಲೇಬೇಕು, ಹೈಕೋರ್ಟ್ ಅದನ್ನು ಬರೆದಿಡಲೇಬೇಕು. ಇದು ಓದುವವರಿಗೆ ಒಂದು ವರ. ಕಾಯ್ದೆಯ ಯಾವ ಮಾತಿನ ಬಗ್ಗೆ ಜಗಳ ಎಂಬುದು ಒಂದೆರಡು ಸಾಲಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಪಿ.ಟಿ.ಸಿ.ಎಲ್. ಕೇಸುಗಳು ಹಾಗೆ ಬರುವುದಿಲ್ಲ. ಎಸಿ, ಡಿಸಿ ಮುಗಿದ ಮೇಲೆ ರಿಟ್ ಅರ್ಜಿಯಾಗಿ ಒಬ್ಬ ನ್ಯಾಯಮೂರ್ತಿಯ ಮುಂದೆ, ಅಲ್ಲಿಂದ ರಿಟ್ ಅಪೀಲಾಗಿ ಇಬ್ಬರ ಮುಂದೆ ಹೋಗುತ್ತವೆ. ಅಲ್ಲಿ ಪ್ರಶ್ನೆಯನ್ನು ನೀವೇ ಹುಡುಕಿಕೊಳ್ಳಬೇಕು.

ಮಾತು ಯಾರದು ಎಂದು ಗುರುತು ಹಾಕಿ

ತೀರ್ಪನ್ನು ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂರಿ. ಪ್ರತಿ ಪ್ಯಾರಾದ ಎಡಗಡೆ ಅಂಚಿನಲ್ಲಿ ಒಂದಕ್ಷರ ಬರೆಯಿರಿ: ಅರ್ಜಿದಾರರ ವಕೀಲರ ವಾದವಾದರೆ ‘ಅ’, ಎದುರಾಳಿಯದಾದರೆ ‘ಎ’, ಸರ್ಕಾರದ್ದಾದರೆ ‘ಸ’, ಹಳೆಯ ತೀರ್ಪಿನಿಂದ ಎತ್ತಿ ಹಾಕಿದ್ದಾದರೆ ‘ಹ’, ನ್ಯಾಯಮೂರ್ತಿಗಳದೇ ಮಾತಾದರೆ ‘ನ್ಯಾ’. ಇಪ್ಪತ್ತು ಪುಟದ ತೀರ್ಪಿನಲ್ಲಿ ‘ನ್ಯಾ’ ಬೀಳುವುದು ನಾಲ್ಕೈದು ಪುಟಕ್ಕೆ ಮಾತ್ರ ಎಂದು ಗೊತ್ತಾದಾಗ ಮೊದಲ ಸಲ ಎಲ್ಲರಿಗೂ ಆಶ್ಚರ್ಯವಾಗುತ್ತದೆ.

ಇದು ಸಣ್ಣ ಕೆಲಸದಂತೆ ಕಾಣಬಹುದು, ಆದರೆ ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ. ವಕೀಲರು ವಾದಿಸಿದ್ದನ್ನು ಕೋರ್ಟ್ ಹೇಳಿದೆ ಎಂದು ಉಲ್ಲೇಖಿಸುತ್ತಾರೆ. ವಾದವನ್ನು ದಾಖಲಿಸುವ ಪ್ಯಾರಾ ನಾಲ್ಕರಲ್ಲಿ ‘ಕಲಂ 5ಕ್ಕೆ ಕಾಲಮಿತಿಯೇ ಇಲ್ಲ’ ಎಂದಿರುತ್ತದೆ. ಪ್ಯಾರಾ ಹದಿನೈದರಲ್ಲಿ ಅದೇ ವಾದವನ್ನು ತಳ್ಳಿಹಾಕಿರುತ್ತಾರೆ. ಪ್ಯಾರಾ ನಾಲ್ಕಕ್ಕೆ ಹಳದಿ ಬಣ್ಣ ಬಳಿದ ಪ್ರತಿ ಎಸಿ ಕೋರ್ಟಿನ ಕಡತದೊಳಗೆ ಹೋಗಿ ಕೂರುತ್ತದೆ.

‘ನ್ಯಾ’ ಎಂದು ಗುರುತು ಬಿದ್ದ ಪ್ಯಾರಾಗಳಲ್ಲೂ ಒಂದು ಸೋಸುವಿಕೆ ಬೇಕು. ಈ ವಾಕ್ಯ ಇಲ್ಲದಿದ್ದರೂ ತೀರ್ಪು ಇದೇ ಆಗುತ್ತಿತ್ತೇ ಎಂದು ಕೇಳಿಕೊಳ್ಳಿ. ಹೌದಾದರೆ ಅದು ದಾರಿಯಲ್ಲಿ ಬಂದ ಮಾತು, ಗೌರವಕ್ಕೆ ಅರ್ಹ, ಆದರೆ ಕಟ್ಟುಪಾಡಲ್ಲ. ಇಲ್ಲವಾದರೆ ಅದೇ ತೀರ್ಪಿನ ತಿರುಳು.

ಕಾಯ್ದೆ ಸುಮ್ಮನಿರುವ ಜಾಗ

ನನ್ನ ಮಟ್ಟಿಗೆ ಇಡೀ ಕಸುಬಿನ ಕಷ್ಟ ಇರುವುದು ಇಲ್ಲಿ. ಪದ ಸ್ಪಷ್ಟವಾಗಿದ್ದರೆ ಕೋರ್ಟ್ ಅದನ್ನು ಇದ್ದ ಹಾಗೆಯೇ ಅನ್ವಯಿಸುತ್ತದೆ. ಪರಿಣಾಮ ಕಠಿಣವಾದರೂ ತಿದ್ದುವುದು ಶಾಸಕರ ಕೆಲಸ ಎನ್ನುತ್ತದೆ. ಪದಕ್ಕೆ ಎರಡು ಅರ್ಥ ಬರುವಂತಿದ್ದರೆ, ಯಾವ ಕೆಡುಕನ್ನು ಹೋಗಲಾಡಿಸಲು ಕಾಯ್ದೆ ಬಂತು ಎಂದು ನೋಡಿ, ಆ ಕೆಡುಕನ್ನು ತಡೆಯುವ ಅರ್ಥವನ್ನು ಆರಿಸುತ್ತದೆ. ಇಂಗ್ಲೆಂಡಿನಲ್ಲಿ 1584ರ ಹೇಡನ್ ಪ್ರಕರಣದಿಂದ ಬಂದ ಈ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ 1955ರಲ್ಲಿ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ಸ್ವೀಕರಿಸಿತು. ಇವೆರಡನ್ನೂ ಪಠ್ಯಪುಸ್ತಕದಲ್ಲಿ ಓದಬಹುದು. ಕಾಯ್ದೆ ಏನನ್ನೂ ಹೇಳದೆ ಬಿಟ್ಟ ಜಾಗದಲ್ಲಿ ಕೋರ್ಟ್ ಏನು ಮಾಡುತ್ತದೆ ಎಂಬುದು ತೀರ್ಪುಗಳನ್ನು ಒಂದರ ಹಿಂದೊಂದು ಓದಿದಾಗಲೇ ತಿಳಿಯುವುದು.

ಪಿ.ಟಿ.ಸಿ.ಎಲ್. ಕಥೆಯನ್ನೇ ಕಾಲಾನುಕ್ರಮದಲ್ಲಿ ನೋಡೋಣ.

ಕಾಯ್ದೆ ಬಂದ ಕೂಡಲೇ ಕೊಂಡವರು ಅದರ ಸಿಂಧುತ್ವವನ್ನೇ ಪ್ರಶ್ನಿಸಿದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಲಂ 4 ಮತ್ತು 5ನ್ನು ಎತ್ತಿಹಿಡಿಯಿತು. ಅಲ್ಲಿ ಕೋರ್ಟ್ ಆಧಾರವಾಗಿ ಹಿಡಿದದ್ದು ಕಾಯ್ದೆಯ ಉದ್ದೇಶವನ್ನು: ಮಂಜೂರಾತಿಗೆ ಷರತ್ತು ಹಾಕಿದ್ದರೂ ಬಡತನ ಮತ್ತು ಅಜ್ಞಾನವನ್ನು ಬಳಸಿಕೊಂಡು ಉಳ್ಳವರು ಆ ಜಮೀನುಗಳನ್ನು ಅಲ್ಪ ಬೆಲೆಗೆ ಬರೆಸಿಕೊಂಡಿದ್ದರು, ಹಳೆಯ ಷರತ್ತುಗಳು ಅದನ್ನು ತಡೆಯಲು ಸಾಲಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ಒಂದು ವಿನಾಯಿತಿ ಇದೆ. ಕಾಯ್ದೆ ಜಾರಿಗೆ ಬರುವ ಮೊದಲೇ, ದೀರ್ಘಕಾಲದ ಸ್ವಾಧೀನದಿಂದ ಕೊಂಡವರ ಹಕ್ಕು ಪೂರ್ಣವಾಗಿ ಬಲಿತಿದ್ದರೆ ಅಂಥವರಿಗೆ ಕಾಯ್ದೆ ತಟ್ಟುವುದಿಲ್ಲ. ಕಲಂ 4ನ್ನು ಮತ್ತೆ ತೆರೆದು ನೋಡಿ. ಈ ವಿನಾಯಿತಿಯ ಒಂದಕ್ಷರವೂ ಅಲ್ಲಿಲ್ಲ. ಹಾಗಾದರೆ ಎಷ್ಟು ವರ್ಷದ ಸ್ವಾಧೀನ? ಅದಕ್ಕೆ ಉತ್ತರ ಬಂದದ್ದು 1994ರ ಕೆ.ಟಿ. ಹುಚ್ಚೇಗೌಡ ಪ್ರಕರಣದಲ್ಲಿ. ಮಂಜೂರಿದಾರನಿಗೆ ಪೂರ್ಣ ಒಡೆತನ ಕೊಟ್ಟಿದ್ದರೆ 12 ವರ್ಷ. ಒಡೆತನ ಸರ್ಕಾರದಲ್ಲೇ ಉಳಿದಿದ್ದರೆ 30 ವರ್ಷ. ಎರಡೂ 1979ರ ಜನವರಿ 1ಕ್ಕೆ ಮೊದಲು ಪೂರ್ತಿಯಾಗಿರಬೇಕು. ಸಾಗುವಳಿ ಚೀಟಿಯ ಒಳಗಿನ ಷರತ್ತು ಬರೆದುಕೊಳ್ಳಿ ಎಂದು ಮೊದಲು ಹೇಳಿದ್ದು ಇದಕ್ಕೇ. ಹನ್ನೆರಡೋ ಮೂವತ್ತೋ ಎಂಬುದನ್ನು ಆ ಕಾಗದವೇ ಹೇಳಬೇಕು.

ಕಲಂ 5ರಲ್ಲಿ ಇನ್ನೊಂದು ಮೌನವಿತ್ತು. ವಾರಸುದಾರರು ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು ಎಂದು ಅದು ಹೇಳಿರಲಿಲ್ಲ. ಡಿಸಿಗೆ ಅಪೀಲು ಹಾಕಲು ಮೂರು ತಿಂಗಳು ಎಂದು ಕಲಂ 5ಎ ಹೇಳುತ್ತದೆ, ಆದರೆ ಮೂಲ ಅರ್ಜಿಗೆ ಯಾವ ಗಡುವೂ ಇಲ್ಲ. ಅಪೀಲಿಗೆ ಗಡುವು ಬರೆದವರು ಅರ್ಜಿಗೆ ಬರೆದಿಲ್ಲ ಎಂದರೆ ಬೇಕೆಂದೇ ಬಿಟ್ಟಿದ್ದಾರೆ ಎಂಬುದು ಒಂದು ಓದು. ನಾನು ವಾದಿಸುತ್ತಿದ್ದದ್ದು ಅದನ್ನೇ. 2017ರ ಅಕ್ಟೋಬರ್‌ನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆ ಓದನ್ನು ಆರಿಸಿತು: ಕಾಯ್ದೆಯಲ್ಲಿ ಕಾಲಮಿತಿ ಇರಲಿ ಬಿಡಲಿ, ಅಧಿಕಾರವನ್ನು ‘ಸಮಂಜಸ ಅವಧಿ’ಯೊಳಗೆ ಬಳಸಬೇಕು, ಸುಮಾರು 25 ವರ್ಷ ಬಿಟ್ಟು ಹಾಕಿದ ಅರ್ಜಿ ಸಮಂಜಸವಲ್ಲ. ಅಲ್ಲಿ ಆಧಾರವಾಗಿ ಹಿಡಿದ ತೀರ್ಪುಗಳಲ್ಲಿ ಒಂದು ಬಿಹಾರದ್ದು, ಕೋಸಿ ಪ್ರದೇಶದ ರೈತರಿಗೆ ಜಮೀನು ಮರಳಿಸುವ 1951ರ ಕಾಯ್ದೆಯ ಮೇಲಿನದು. ಬೇರೆ ರಾಜ್ಯದ ಬೇರೆ ಕಾಯ್ದೆ. ಆದರೂ ಎರಡರಲ್ಲೂ ಇದ್ದ ಮೌನ ಒಂದೇ ಎಂದು ಕೋರ್ಟ್ ಕಂಡಿತು. ಹೈಕೋರ್ಟ್ ತೀರ್ಪಿನಲ್ಲಿ ಹೊರರಾಜ್ಯದ ಕಾಯ್ದೆಯ ಉಲ್ಲೇಖ ಬಂದರೆ ಹಾರಿಸಬೇಡಿ. ಆ ಕಾಯ್ದೆಯ ಕಲಂ ತೆರೆದು ನಿಮ್ಮ ಕಲಮಿನ ಪಕ್ಕದಲ್ಲಿಟ್ಟು ಓದಿ. ಹೋಲಿಕೆ ನಿಜಕ್ಕೂ ಇದೆಯೇ? ಇಲ್ಲದಿದ್ದರೆ ನಿಮ್ಮ ವಾದ ಹುಟ್ಟುವುದು ಅಲ್ಲಿಯೇ.

ಈ ತೀರ್ಪಿನ ಮೇಲೆ ಎಸಿ, ಡಿಸಿ ಕಚೇರಿಗಳಲ್ಲಿ ಅರ್ಜಿಗಳು ಒಂದೊಂದಾಗಿ ಬಿದ್ದುಹೋಗತೊಡಗಿದವು. ಅಪ್ಪನ ಸಾಗುವಳಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ಓಡಾಡುತ್ತಿದ್ದ ಒಬ್ಬ ಹೆಣ್ಣುಮಗಳು ಆದೇಶ ಕೇಳಿದ ಮೇಲೆ ನನ್ನನ್ನು ಕೇಳಿದ್ದು ಹೀಗೆ: ‘ಕಾನೂನ್ನಾಗೆ ಟೈಮೇ ಬರ್ದಿಲ್ಲ ಅಂತೀರಿ ಲಾಯರಮ್ಮ, ಮತ್ತೆ ತಡ ಆಯ್ತು ಅಂತ ಎಂಗೆ ಯೋಳ್ತಾರೆ?’ ಕಾಯ್ದೆಯ ಅರ್ಥವಿವರಣೆಯ ಬಗ್ಗೆ ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದದ್ದು ಇಲ್ಲ. ಸರಿಯಾದ ಉತ್ತರ ಇದು: ಗಡುವು ಬರೆಯುವುದು ಶಾಸಕಾಂಗ, ಆದರೆ ಇಪ್ಪತ್ತೈದು ವರ್ಷದಲ್ಲಿ ಜಮೀನು ನಾಲ್ಕು ಕೈ ದಾಟಿರುತ್ತದೆ, ಕೊಟ್ಟವರೂ ಕೊಂಡವರೂ ಸತ್ತಿರುತ್ತಾರೆ, ಆಗ ಅಧಿಕಾರ ಚಲಾಯಿಸುವುದು ಅನ್ಯಾಯವಾಗಬಹುದು ಎಂಬ ಯೋಚನೆ ಕೋರ್ಟಿನದು. ಆಕೆಗೆ ಹಾಗೆಯೇ ವಿವರಿಸಿದೆ. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ. ಓದು ಬರಹ ಬಾರದ, ಜಮೀನು ಕೊಂಡವರ ಹೊಲದಲ್ಲೇ ಕೂಲಿ ಮಾಡುವ ಮನೆಯವರಿಗೆ ‘ಸಮಂಜಸ ಅವಧಿ’ ಎಷ್ಟು ಎಂಬುದನ್ನು ಪಟ್ಟಣದ ಗಡಿಯಾರದಿಂದ ಅಳೆಯಬಾರದು ಎಂಬುದು ಇವತ್ತಿಗೂ ನನ್ನ ನಿಲುವು.

2023ರ ಜುಲೈನಲ್ಲಿ ವಿಧಾನಮಂಡಲ ಕಲಂ 5ಕ್ಕೆ ಎರಡು ಖಂಡಗಳನ್ನು ಸೇರಿಸಿತು. ಈ ಕಾಯ್ದೆಯ ಉಪಬಂಧಗಳನ್ನು ಬಳಸಿಕೊಳ್ಳಲು ಯಾವ ಕಾಲಮಿತಿಯೂ ಇರುವುದಿಲ್ಲ; ಎಲ್ಲ ಪ್ರಾಧಿಕಾರಗಳ, ನ್ಯಾಯಾಲಯಗಳ ಮುಂದೆ ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ. ನಮ್ಮ ತಾಲೂಕಿನಲ್ಲಿ ಎಲ್ಲರೂ ‘ಮುಗೀತು, ತೀರ್ಪು ಬಿದ್ದುಹೋಯ್ತು’ ಅಂದುಕೊಂಡರು. 2024ರಲ್ಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಈ ತಿದ್ದುಪಡಿಯನ್ನು ಓದಿದ ಬಗೆ ಬೇರೆ. ಕಾಲಮಿತಿ ಎಂಬುದು ಶಾಸನ ಗೊತ್ತುಮಾಡುವ ಗಡುವು, ವಿಳಂಬ ಎಂಬುದು ಪಕ್ಷಕಾರನ ನಡತೆಗೆ, ನ್ಯಾಯಬುದ್ಧಿಗೆ ಸಂಬಂಧಿಸಿದ್ದು, ಇವೆರಡೂ ಒಂದಲ್ಲ. ಕಾಯ್ದೆಯಲ್ಲಿ ಕಾಲಮಿತಿ ಮೊದಲೂ ಇರಲಿಲ್ಲ. ಇರಲಿಲ್ಲವೆಂದು ಗೊತ್ತಿದ್ದೇ ಸುಪ್ರೀಂ ಕೋರ್ಟ್ ಸಮಂಜಸ ಅವಧಿಯ ಮಾತು ಹೇಳಿತ್ತು. ‘ಕಾಲಮಿತಿ ಇಲ್ಲ’ ಎಂದು ಈಗ ಬರೆದದ್ದು ಮೊದಲೇ ಇದ್ದ ಸ್ಥಿತಿಯನ್ನು ಮತ್ತೆ ಹೇಳಿದ ಹಾಗಾಯಿತೇ ಹೊರತು ಅತಿಯಾದ ವಿಳಂಬದ ಪ್ರಶ್ನೆಯನ್ನು ಅಳಿಸಿಹಾಕಲಿಲ್ಲ.

ಈ ತೀರ್ಪಿನ ಫಲಿತಾಂಶದ ಬಗ್ಗೆ ನನಗೆ ದುಃಖವಿದೆ. ಯಾವ ತೀರ್ಪು ಕಾಯ್ದೆಗೆ ಅಡ್ಡಿಯಾಯಿತೋ ಅದನ್ನು ದಾಟಲೆಂದೇ ತಿದ್ದುಪಡಿ ಬಂದದ್ದು ಎಲ್ಲರಿಗೂ ತಿಳಿದಿತ್ತು. ಆ ಉದ್ದೇಶಕ್ಕೆ ಇನ್ನಷ್ಟು ತೂಕ ಸಿಗಬೇಕಿತ್ತು. ಆದರೆ ಓದುವ ಕ್ರಮ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಶಾಸಕಾಂಗ ಒಂದು ತೀರ್ಪಿಗೆ ಉತ್ತರ ಕೊಡಬೇಕೆಂದರೆ, ಆ ತೀರ್ಪು ಯಾವ ಪದದ ಮೇಲೆ ನಿಂತಿದೆಯೋ ಆ ಪದವನ್ನೇ ಮುಟ್ಟಬೇಕು. ನೆಕ್ಕಂಟಿ ತೀರ್ಪು ನಿಂತದ್ದು ‘ಸಮಂಜಸ ಅವಧಿ’ಯ ಮೇಲೆ. ತಿದ್ದುಪಡಿ ಮುಟ್ಟಿದ್ದು ‘ಕಾಲಮಿತಿ’ಯನ್ನು. ಆದ್ದರಿಂದ ತಿದ್ದುಪಡಿ ಬಂದಿದೆ ಎಂದು ಯಾರಾದರೂ ಹೇಳಿದಾಗಲೆಲ್ಲ ಹಳೆಯ ತೀರ್ಪಿನ ತಿರುಳಿನ ವಾಕ್ಯವನ್ನೂ ಹೊಸ ಖಂಡವನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬರೆದು, ಎರಡೂ ಒಂದೇ ವಿಷಯದ ಬಗ್ಗೆ ಮಾತಾಡುತ್ತಿವೆಯೇ ಎಂದು ನೋಡಿ.

ಒಂದೇ ಕಲಂ, ಎರಡು ಓದು

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ರಾಜ್ಯ ಮೊದಲೇ ಹೆಜ್ಜೆ ಇಟ್ಟಿತ್ತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯ ಸಹಭಾಗಿ ಎಂದಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು.

ಹೊಸ 6ನೇ ಕಲಮಿನ ಮೊದಲ ವಾಕ್ಯದಲ್ಲಿ ಎರಡು ಮಾತುಗಳು ಹತ್ತಿರ ಹತ್ತಿರ ಇವೆ: ‘ಈ ತಿದ್ದುಪಡಿ ಜಾರಿಗೆ ಬಂದಂದಿನಿಂದ’ ಎಂದು ಒಂದು, ‘ಮಗನಂತೆಯೇ ಹುಟ್ಟಿನಿಂದ’ ಸಹಭಾಗಿ ಎಂದು ಇನ್ನೊಂದು. ಮೊದಲನೆಯದಕ್ಕೆ ತೂಕ ಕೊಟ್ಟರೆ ಹಕ್ಕು 2005ರಿಂದ ಮುಂದಕ್ಕೆ; ಹಾಗಾದರೆ ಆ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಎರಡನೆಯದಕ್ಕೆ ತೂಕ ಕೊಟ್ಟರೆ ಹಕ್ಕು ಹುಟ್ಟಿನದು, ತಂದೆ ಯಾವಾಗ ತೀರಿಕೊಂಡರು ಎಂಬುದು ಅಡ್ಡಿಯಲ್ಲ.

ಈ ಜಗಳದ ಮುಖ್ಯ ತೀರ್ಪುಗಳಲ್ಲಿ ಎರಡು ಕರ್ನಾಟಕದಿಂದಲೇ ದೆಹಲಿಗೆ ಹೋದವು. ಬೆಳಗಾವಿಯ ಫೂಲಾವತಿ ಪ್ರಕರಣದಲ್ಲಿ ತಂದೆ ತೀರಿಕೊಂಡದ್ದು 1988ರಲ್ಲಿ, ದಾವೆ 1992ರಲ್ಲಿ. ಕೇಸು ನಡೆಯುತ್ತಿರುವಾಗ ತಿದ್ದುಪಡಿ ಬಂತು. ನಮ್ಮ ಹೈಕೋರ್ಟ್ ಮಗಳಿಗೆ ಹೊಸ ಕಲಮಿನ ಲಾಭ ಕೊಟ್ಟಿತು. 2015ರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರ ಪೀಠ ಅದನ್ನು ತಿರುಗಿಸಿ, 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಇಬ್ಬರೂ ಬದುಕಿರಬೇಕು ಎಂದಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಇನ್ನೊಂದು ಇಬ್ಬರ ಪೀಠ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡು ಸಮಾನ ಪೀಠಗಳು, ಎರಡು ದಿಕ್ಕು. ಆ ದಿನಗಳಲ್ಲಿ ಸಿವಿಲ್ ಕೋರ್ಟಿನ ಒಂದೇ ಹಾಲಿನಲ್ಲಿ ಒಬ್ಬ ವಕೀಲರು ಫೂಲಾವತಿ ಹಿಡಿದು ನಿಂತರೆ ಎದುರಿನವರು ದಾನಮ್ಮ ಹಿಡಿದು ನಿಲ್ಲುತ್ತಿದ್ದರು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ‘ಹುಟ್ಟಿನಿಂದ’ ಎಂಬ ಮಾತಿಗೆ ತೂಕ ಕೊಟ್ಟು ಫೂಲಾವತಿಯನ್ನು ತಳ್ಳಿಹಾಕಿತು.

ಇಲ್ಲಿ ಕಲಿಯಬೇಕಾದ ಕೈಕೆಲಸ ಪರಂತುಕವನ್ನು, ಅಂದರೆ ‘ಆದರೆ’ ಎಂದು ಕಲಮಿಗೆ ಮಿತಿ ಹಾಕುವ ಭಾಗವನ್ನು, ಓದುವುದು. ಕಲಂ ಕೊಟ್ಟದ್ದನ್ನು ಪರಂತುಕ ಎಲ್ಲಿ ತಡೆಯುತ್ತದೆ ಎಂದು ನೋಡದೆ ಯಾವ ಹೆಣ್ಣುಮಗಳಿಗೂ ‘ನಿಮಗೆ ಪಾಲು ಬರುತ್ತೆ’ ಎಂದು ಹೇಳಬೇಡಿ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಪರಭಾರೆ, ವಿಭಾಗ, ಉಯಿಲಿನ ವಿಲೇವಾರಿಯನ್ನು ಹೊಸ ಕಲಂ ಅಲುಗಿಸುವುದಿಲ್ಲ. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಅಣ್ಣಂದಿರು ‘1998ರಲ್ಲೇ ಬಾಯಿಮಾತಿನಲ್ಲಿ ಭಾಗ ಆಗಿದೆ’ ಎಂದು ಬಂದರೆ ಕಲಮಿನ ಕೊನೆಯ ವಿವರಣೆಗೆ ಹೋಗಿ: ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿಯ ಮೂಲಕ ಆದ ವಿಭಾಗ ಎಂದು ಅದು ಹೇಳುತ್ತದೆ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬಲವಿದ್ದ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪು ಸಣ್ಣ ಬಾಗಿಲೊಂದನ್ನು ಬಿಟ್ಟಿದೆ. ಕಲಂ, ಪರಂತುಕ, ವಿವರಣೆ, ತೀರ್ಪು: ಇದೇ ಕ್ರಮದಲ್ಲಿ ಓದಿ.

ನಿಮ್ಮ ಕೇಸಿಗೆ ಹೊಂದಿಸುವುದು

ಎಲ್ಲ ಓದಿದ ಮೇಲೆ ಒಂದು ಖಾಲಿ ಹಾಳೆಯಲ್ಲಿ ನಿಮ್ಮ ಕೇಸಿನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕಲಮಿನ ಸಂಖ್ಯೆ, ವಿವಾದದ ಪದ, ನಿಮ್ಮ ಕೇಸಿನ ಎರಡು ಮುಖ್ಯ ದಿನಾಂಕಗಳು ಅದರಲ್ಲಿ ಇರಲೇಬೇಕು. ‘1971ರ ಕ್ರಯದ ಬಗ್ಗೆ 2009ರಲ್ಲಿ ಹಾಕಿದ ಅರ್ಜಿ ಕಲಂ 5ರ ಅಡಿ ಅತಿಯಾದ ವಿಳಂಬವೇ?’ ಎಂಬಂತೆ. ಹೀಗೆ ಬರೆಯಲು ಬರಲಿಲ್ಲವೆಂದರೆ ಓದು ಇನ್ನೂ ಮುಗಿದಿಲ್ಲ.

ಆ ವಾಕ್ಯದ ಕೆಳಗೆ, ಹಿಡಿದ ತೀರ್ಪಿನ ಸಂಗತಿಗೂ ನಿಮ್ಮ ಸಂಗತಿಗೂ ಇರುವ ವ್ಯತ್ಯಾಸ ಬರೆಯಿರಿ. ವಿಳಂಬದ ತೀರ್ಪುಗಳು ವರ್ಷಗಳನ್ನು ಮಾತ್ರ ಎಣಿಸುವುದಿಲ್ಲ. ವಿಳಂಬಕ್ಕೆ ವಿವರಣೆ ಇತ್ತೇ ಎಂದೂ ನೋಡುತ್ತವೆ. ಕೊಂಡವರ ಪರ ನಿಂತವರು ನಡುವೆ ಆದ ಮಾರಾಟ, ಕಟ್ಟಡ, ಬ್ಯಾಂಕಿನ ಸಾಲ ತೋರಿಸುತ್ತಾರೆ. ವಾರಸುದಾರರ ಪರ ನಿಂತವರು, ಜಮೀನು ಮೂಲ ಮಂಜೂರಿದಾರನ ಮನೆಯವರಲ್ಲದವರ ಸ್ವಾಧೀನದಲ್ಲಿದ್ದರೆ ಅದು ಶೂನ್ಯ ವರ್ಗಾವಣೆಯಿಂದಲೇ ಬಂದದ್ದು ಎಂದು ಭಾವಿಸಬೇಕೆನ್ನುವ ಕಲಂ 5ರ ಉಪಕಲಂ 3ನ್ನು ಮರೆಯಬಾರದು. ಹೀಗಲ್ಲ ಎಂದು ರುಜುವಾತು ಮಾಡುವ ಹೊರೆ ಸ್ವಾಧೀನದಲ್ಲಿರುವವರ ಮೇಲಿದೆ. ಬಹಳಷ್ಟು ಅರ್ಜಿಗಳಲ್ಲಿ ಈ ಉಪಕಲಮಿನ ಪ್ರಸ್ತಾಪವೇ ಇರುವುದಿಲ್ಲ.

ಹಿಡಿದ ತೀರ್ಪು ಇನ್ನೂ ಜೀವಂತವಾಗಿದೆಯೇ ಎಂದು ವಾದದ ಹಿಂದಿನ ದಿನ ಮತ್ತೊಮ್ಮೆ ಪರೀಕ್ಷಿಸಿ. ಅದರ ಮೇಲೆ ಅಪೀಲು ಹೋಗಿದೆಯೇ, ತಡೆಯಾಜ್ಞೆ ಬಂದಿದೆಯೇ, ದೊಡ್ಡ ಪೀಠ ಬೇರೆ ಹೇಳಿದೆಯೇ, ಕಲಂ ತಿದ್ದುಪಡಿಯಾಗಿದೆಯೇ. ಪಿ.ಟಿ.ಸಿ.ಎಲ್. ವಿಷಯದಲ್ಲಂತೂ ಹೋದ ವರ್ಷದ ನೋಟ್ಸ್ ನಂಬಿ ನಿಲ್ಲಬಾರದು.

ಕೊನೆಗೆ, ವಾರಸುದಾರರ ಪರ ಅರ್ಜಿ ಹಾಕುವವರು ವಿಳಂಬದ ಕಾರಣವನ್ನು ‘ಅರ್ಜಿದಾರರು ಬಡವರು, ಅವಿದ್ಯಾವಂತರು’ ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಮಂಜೂರಿದಾರರು ತೀರಿಕೊಂಡ ದಿನದ ಮರಣ ಪ್ರಮಾಣಪತ್ರ, ಆಗ ಮಕ್ಕಳಿಗಿದ್ದ ವಯಸ್ಸು ತೋರಿಸುವ ಶಾಲಾ ದಾಖಲೆ, ಜೀತವಿಮುಕ್ತಿ ಪತ್ರ ಇದ್ದರೆ ಅದು, ಕ್ರಯಪತ್ರದ ನಕಲು ಮೊದಲ ಬಾರಿ ಕೈಗೆ ಸಿಕ್ಕಿದ ದಿನಾಂಕವಿರುವ ಉಪನೋಂದಣಿ ಕಚೇರಿಯ ರಸೀದಿ, ತಹಶೀಲ್ದಾರರಿಗೆ ಹಿಂದೆ ಕೊಟ್ಟಿದ್ದ ಯಾವುದೇ ಅರ್ಜಿಯ ಹಿಂಬರಹ, ವರ್ಷವಾರು ಪಹಣಿ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ. ಇವನ್ನೆಲ್ಲ ಎಸಿ ಮುಂದೆಯೇ ಹಾಜರುಪಡಿಸಿ, ಆದೇಶದಲ್ಲಿ ಅವುಗಳ ಉಲ್ಲೇಖ ಬರುವಂತೆ ಲಿಖಿತ ವಾದದಲ್ಲೂ ಪಟ್ಟಿ ಕೊಡಿ. ಹೈಕೋರ್ಟ್ ನೋಡುವುದು ಕೆಳಗಿನಿಂದ ಬಂದ ಕಡತವನ್ನು. ಅಲ್ಲಿಗೆ ಹೋದ ಮೇಲೆ ಹೊಸ ಕಾಗದ ಸೇರಿಸುವುದು ಸುಲಭವಲ್ಲ.